ಅಕ್ಕಿ ಡಬ್ಬಿಯ ಕಪ್ಪು ಮೀನು

ಸುಜಾತಾ, ನಿನ್ನ ಗಂಡ ರಘು ಸತ್ತಿದ್ದಾನೆಂದು ನನಗೆ ಏಳು ವರ್ಷಗಳಿಂದ ಗೊತ್ತು. ಅವನನ್ನು ಹೆತ್ತವಳು ನಾನು — ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ನಿನ್ನಣ್ಣ ಮುಂಬಯಿಗೆ ಹೋಗಿ ಬಂದಾಗ ಪ್ಲಾಸ್ಟಿಕ್ ಮಣಿಗಳ ಡಬ್ಬಿ ತಂದಿದ್ದ, ನೆನಪಿದೆಯಾ? ಮೇಲೆ ಜಪಾನಿನ ಚಿತ್ರ — ಕಂಬಕ್ಕೆ ಕಟ್ಟಿದ ಬಟ್ಟೆಯ ಮೀನುಗಳು, ಹೊಟ್ಟೆಗೆ ಗಾಳಿ ತುಂಬಿಕೊಂಡು ಈಜುತ್ತಿದ್ದವು. ಕಪ್ಪು ಅಪ್ಪ, ಕೆಂಪು ಅಮ್ಮ, ನೀಲಿ ಮಗು. ನೀನು ಗೂಟಗಳ ತಟ್ಟೆಯ ಮೇಲೆ ಒಂದೊಂದೇ ಮಣಿ ಕೂರಿಸಿದೆ; ಮಣಿಗಳು ಕರಗಿ ಒಂದಕ್ಕೊಂದು ಅಂಟಲೆಂದು ಬಟರ್ ಪೇಪರ್ ಹಾಸಿ ಇಸ್ತ್ರಿ ಒತ್ತಿದವಳು ನಾನು. ಮೂರನ್ನು ಕಿಟಕಿಗೆ ಕಟ್ಟಿದೆವು. ರಘುವಿಗೆಂದೇ ಮಾಡಿದ ಪುಟ್ಟ ಕಪ್ಪು ಮೀನಿನ ಬಾಲ ಮಾತ್ರ ನನ್ನ ಕೈಯಲ್ಲಿ ಕರಗಿ ಮುದ್ದೆಯಾಯಿತು. ಎಷ್ಟು ನಕ್ಕೆವು! ಅವನು ಅದನ್ನೇ ಉಡಿದಾರಕ್ಕೆ ಕಟ್ಟಿಕೊಂಡು ದೋಣಿ ಹತ್ತಿದ.

ಆ ದೋಣಿ ಕಡಲಲ್ಲಿ ಮಗುಚಿತು, ಅವನ ಹೆಣವೂ ಸಿಗಲಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ, ಬೈಂದೂರಿನ ಮರಳಿನಲ್ಲಿ ಆ ಮೀನು ನನ್ನ ಕಾಲಿಗೆ ತೊಡರಿತು. ಅದೇ ಕರಗಿದ ಬಾಲ. ಜೊತೆಗೆ ಹರಿದ ಉಡಿದಾರ, ಗಂಟು ಬಿಚ್ಚಿರಲಿಲ್ಲ. ಬದುಕಿರುವ ಗಂಡಸು ಉಡಿದಾರ ತೆಗೆಯುವುದಿಲ್ಲ — ಅದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮನೆಗೆ ಬಂದರೆ, ನಿನ್ನಣ್ಣ ನಿನ್ನ ತವರು ಹೆಮ್ಮಾಡಿಯಿಂದ ಬಂದು ಜಗಲಿಯಲ್ಲಿ ಕೂತಿದ್ದ. "ಅವ ಇಲ್ಲ ಅಂದ್ ಖಾತ್ರಿ ಆರೆ, ತಂಗಿನ್ನೂ ಮಗೂನೂ ಕರ್ಕಂಡ್ ಹೋತೆ" ಎಂದ. ನೀನು ನನ್ನ ಮುಖ ನೋಡಿದೆ.

"ಎಂತಾರೂ ಸಿಕ್ತಾ, ಅತ್ತೆ?"

"ಎಂತದೂ ಇಲ್ಲೆ. ಅವ ಬತ್ತ."

ಮೀನು ಆಗ ನನ್ನ ಸೆರಗಿನ ಗಂಟಿನಲ್ಲಿತ್ತು. ನೀನು ಹೋದರೆ, ನಿನ್ನ ಮಗಳು ಪುಟ್ಟಿಯೂ ಹೋದರೆ, ನನಗೆ ಯಾರು — ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ.

ಅದನ್ನು ಅಕ್ಕಿ ಡಬ್ಬಿಯ ತಳದಲ್ಲಿ ಹುಗಿದೆ. ಅಕ್ಕಿ ತೇವ ಹೀರಬೇಕಲ್ಲ — ತೆಗೆದಾಗಲೆಲ್ಲ ಮೀನು ಒದ್ದೆ. ನಾಲಿಗೆಗೆ ಮುಟ್ಟಿಸಿದೆ, ಉಪ್ಪು. ಅಕ್ಕಿ ಬದಲಿಸಿದೆ, ಡಬ್ಬಿಯನ್ನೇ ಬದಲಿಸಿದೆ... ನೀನೋ, ಅವನು ಬರಲೆಂದು ವರ್ಷಕ್ಕೊಂದು ಕಪ್ಪು ಮೀನು ಮಾಡಿ ಕಿಟಕಿಗೆ ಸೇರಿಸುತ್ತ ಹೋದೆ. ಎಲೆಯೂ ಅಲುಗದ ಮಧ್ಯಾಹ್ನ ಕೆಂಪು, ನೀಲಿ ಸುಮ್ಮನಿರುತ್ತವೆ. ಕಪ್ಪು ಮೀನುಗಳು ಮಾತ್ರ ಮೆಲ್ಲಗೆ ತಿರುಗಿ, ಅಡುಗೆಮನೆಯ ಡಬ್ಬಿಯತ್ತ ಮುಖ ಮಾಡಿ ನಿಲ್ಲುತ್ತವೆ. ಕಳೆದ ವಾರ ನೀನೂ ಕಂಡೆ. "ಗಾಳಿ ಇಲ್ದೆ ಇದ್ ಎಂತಕ್ ತಿರ್ಗತ್ತ್, ಅತ್ತೆ?" ಎಂದು ಕೇಳಿದೆ. ದಾರದ ಹುರಿ ಬಿಚ್ಚುತ್ತಿದೆ ಅಂದೆ. ಥೂ, ನನ್ನ ಬಾಯಿಗಿಷ್ಟು!

ಮಗನಿಗೆ ಒಂದು ಪಿಂಡ ಇಡಿಸಲಿಲ್ಲ. ನಿನ್ನನ್ನು ಮದುವೆಗೆ ಕೇಳಿಕೊಂಡು ಬಂದವರನ್ನು, ಅವಳ ಗಂಡ ಇದ್ದಾನೆ ಎಂದು ಅಂಗಳದಿಂದಲೇ ಕಳಿಸಿದೆ. ಇಪ್ಪತ್ತಾರನೆಯ ವಯಸ್ಸಿಗೆ ಬಾಗಿಲು ಕಾಯಲು ಕೂತವಳು ನೀನು. ಈಗ ನಿನ್ನ ಬೈತಲೆಯಲ್ಲಿ ಬಿಳಿ ಕೂದಲು ಕಂಡೆ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ.

ಇಷ್ಟನ್ನೂ ನಾನು ದುಡಿದ ಅಂಗನವಾಡಿಯ ಹಳೆಯ ಹಾಜರಿ ಪುಸ್ತಕದಲ್ಲಿ ಬರೆದೆ — ಎದುರು ನಿಂತು ಹೇಳುವ ಧೈರ್ಯವಿಲ್ಲದೆ, ಓದಲು ಕೊಡೋಣವೆಂದು. ಒಳಗೆ ನೀನು ಈ ವರ್ಷದ ಮೀನಿಗೆ ಮಣಿ ಕೂರಿಸಿ ಮುಗಿಸಿದ್ದೀಯ. "ಇಸ್ತ್ರಿ ಕಾದಿತ್ತ್, ಬನ್ನಿ ಅತ್ತೆ" ಎಂದು ಕರೆಯುತ್ತಿದ್ದೀಯ.

ಡಬ್ಬಿಯಿಂದ ಅವನ ಮೀನನ್ನು ತೆಗೆದು ಈ ಹಾಳೆಯ ಮೇಲಿಟ್ಟಿದ್ದೇನೆ. ಅದರ ನೀರು ಹರಡಿ, ಬರೆದದ್ದೆಲ್ಲ ಒಂದೊಂದೇ ಸಾಲಾಗಿ ಅಳಿಸಿಹೋಗುತ್ತಿದೆ. ಇನ್ನು ಬಾಯಲ್ಲೇ ಹೇಳಬೇಕು.

ಬತ್ತೆ, ಮಗಳೆ.