ಹರದ್ಯಾ ಆಡದ ಪಂದ್ಯ

ಸದಾಶಿವ, ನಾನು ನಿನಗೆ ಸುಳ್ಳು ಹೇಳಿದ್ದೆ. ‘ಆಯಿ’ ಎಂದರೆ ಅಜ್ಜಿ ಎಂದು ತಿಳಿದುಕೊಂಡೆ, ನಮ್ಮ ಹಾರೂಗೇರಿ ಕಡೆ ಹಾಗೇ ಅನ್ನುತ್ತಾರೆ ಎಂದು ಬರೆದಿದ್ದೆನಲ್ಲ — ಅದು ಸುಳ್ಳು. ನೀನು ಬರೆದದ್ದು ನಿನ್ನ ತಾಯಿಯ ಬಗ್ಗೆ ಎಂದು ಓದಿದ ಕೂಡಲೇ ನನಗೆ ತಿಳಿದಿತ್ತು.

ಇದನ್ನು ನಿನಗೊಬ್ಬನಿಗೇ ಬರೆದಿದ್ದರೆ ‘ಇರಲಿ ಬಿಡ್ರಿ ಅಕ್ಕಾ’ ಎಂದು ಎರಡು ಮಾತಿನಲ್ಲಿ ಮುಗಿಸಿಬಿಡುತ್ತೀಯ. ನಿನ್ನ ಸ್ವಭಾವ ನನಗೆ ಗೊತ್ತು. ಅದಕ್ಕೇ ನಾಲ್ಕು ಜನ ಓದುವಲ್ಲಿ ಬರೆಯುತ್ತಿದ್ದೇನೆ. ಏನೂ ಗೊತ್ತಿಲ್ಲದವರಿಗೂ ತಿಳಿಯುವ ಹಾಗೆ, ಮೊದಲಿನಿಂದ.

ಹಾರೂಗೇರಿ ನನ್ನ ತವರು; ಉಗಾರ ಖುರ್ದಕ್ಕೆ ಸೊಸೆಯಾಗಿ ಬಂದವಳು ನಾನು. ಮನೆಯವರಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಅದರ ಭೋಂಗಾ ಕೂಗಿದಾಗ ಏಳುವುದು, ನೀರು ಕಾಯಿಸುವುದು, ರೊಟ್ಟಿ ಬಡಿಯುವುದು, ಡಬ್ಬಿ ಕಟ್ಟುವುದು. ಕಬ್ಬಿನ ಹಂಗಾಮು ಶುರುವಾದರೆ ಹಗ್ಗದ ಮೇಲಿನ ಬಟ್ಟೆಗೆ ಕೂರುವ ಕರಿ ಬೂದಿಯನ್ನು ಕೊಡವಿ ಕೊಡವಿ ಮಡಚುವುದು. ಇಷ್ಟೇ ನನ್ನ ದಿನ. ಒಮ್ಮೆ ಬಚ್ಚಲಲ್ಲಿ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾಗ ಮಗಳು ಶ್ವೇತಾ ಬೇಸರ ಕಳೆಯಲೆಂದು ಮೊಬೈಲಿನಲ್ಲಿ ಒಂದು ಆಟ ಹಾಕಿಕೊಟ್ಟಳು. ಬ್ಯಾಸ್ಕೆಟ್‌ಬಾಲ್ ತಂಡ ನಡೆಸುವ ಆಟ.

ಆ ಚೆಂಡನ್ನು ನಾನು ಜನ್ಮದಲ್ಲಿ ಮುಟ್ಟಿದವಳಲ್ಲ. ಆದರೆ ಆ ಆಟದಲ್ಲಿ ಚೆಂಡೇ ಇಲ್ಲ. ಬರೀ ಹೆಸರುಗಳು, ಅಂಕಿಗಳು. ಯಾರಿಗೆ ಯಾವ ತಾಲೀಮು, ಯಾರಿಗೆ ವಿಶ್ರಾಂತಿ, ಯಾರನ್ನು ಕಣಕ್ಕಿಳಿಸಬೇಕು ಎಂದು ದಿನಾ ಹೇಳುತ್ತಿರಬೇಕು. ಪಂದ್ಯವನ್ನು ಕಂಪ್ಯೂಟರೇ ಆಡುತ್ತದೆ. ನಮಗೆ ಸಾಲು ಸಾಲು ಬರಹವಾಗಿ ಬರುತ್ತದೆ — ಇಂಥವನು ಚೆಂಡು ಕೊಟ್ಟ, ಇಂಥವನು ಬುಟ್ಟಿಗೆ ಹಾಕಿದ. ಹಾಲಿಗೆ ಹೆಪ್ಪು ಹಾಕಿಟ್ಟ ಹಾಗೆ ಆ ಆಟ. ಅವಸರ ಮಾಡಿ ಮುಚ್ಚಳ ತೆಗೆದು ನೋಡಿದರೆ ಕೆಡುತ್ತದೆ, ಸುಮ್ಮನೆ ಕಾದರೆ ಮೊಸರು ಕೂಡುತ್ತದೆ. ಕಾಯುವುದು ನನಗೆ ಬರುತ್ತಿತ್ತು.

ಪ್ರತಿ ದೇಶಕ್ಕೂ ಅಲ್ಲಿ ಒಂದು ರಾಷ್ಟ್ರೀಯ ತಂಡ. ಅದರ ಮ್ಯಾನೇಜರನ್ನು ನಮ್ಮಂಥ ತಂಡದ ಮಾಲೀಕರೇ ಮತ ಹಾಕಿ ಆರಿಸುತ್ತಾರೆ. ಮ್ಯಾನೇಜರಾದವರು ಎಲ್ಲರ ತಂಡಗಳಿಂದ ಒಳ್ಳೆಯವರನ್ನು ಆರಿಸಿ ದೇಶಕ್ಕೆ ಆಡಿಸಬೇಕು. ಯಾರು ಏನು ಕೇಳಿದರೂ ತಾಳ್ಮೆಯಿಂದ ಉತ್ತರ ಬರೆಯುತ್ತಿದ್ದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಆರಿಸಿದರು. ಮನೆಯಲ್ಲಿ ‘ಪಲ್ಯ ಏನು’ ಎನ್ನುವುದು ಬಿಟ್ಟು ಬೇರೆ ಏನನ್ನೂ ಯಾರೂ ನನ್ನನ್ನು ಕೇಳಿದವರಲ್ಲ. ಅಲ್ಲಿ ದೆಹಲಿಯವರು, ಕೊಚ್ಚಿಯವರು ‘ಮೇಡಂ, ನಮ್ಮ ಹುಡುಗನಿಗೆ ಏನು ಕಲಿಸೋಣ’ ಎಂದು ಕೇಳುತ್ತಿದ್ದರು. ಇದನ್ನು ನೆಪವಾಗಿ ಹೇಳುತ್ತಿಲ್ಲ — ಆ ಕುರ್ಚಿ ನನಗೆ ಎಷ್ಟು ರುಚಿ ಹತ್ತಿತ್ತು ಎಂದು ತಿಳಿಯಲಿ ಅಂತ.

ಆಗ ಬಂದದ್ದು ನಿನ್ನ ಮೊದಲ ಸಂದೇಶ.

“ಅಕ್ಕಾ, ನೀವು ಉಗಾರದವರೇನ್ರಿ? ನಾ ನಿಪ್ಪಾಣಿಯಂವ ರೀ! ಇಡೀ ಜಗತ್ತ ಸುತ್ತಿ ಬಂದ್ರ ಮಗ್ಗಲ ಊರವರ ಸಿಕ್ಕ್ರಲ್ರಿ!”

ತಂಬಾಕಿನ ವಖಾರಿಯಲ್ಲಿ ಕೆಲಸ, ಮನೆಯಲ್ಲಿ ಮರಾಠಿ, ಓದಿದ್ದು ಕನ್ನಡ ಶಾಲೆ ಎಂದು ನೀನು ಬರೆದಿದ್ದೆ. ನಿನ್ನ ತಂಡದಲ್ಲಿ ಒಬ್ಬ ಎತ್ತರದ ಹುಡುಗನಿದ್ದ, ಹರ್‌ದೀಪ್ ನಾಯರ್. ಹೆಸರು ಪಂಜಾಬದ್ದು, ಅಡ್ಡಹೆಸರು ಕೇರಳದ್ದು. ಕಂಪ್ಯೂಟರು ಹೆಸರಿಟ್ಟರೆ ಹಾಗೇ. ಅಂಥ ಹೆಸರಿಗೆ ನಾಲಿಗೆ ಹೊರಳದೆ ನಿನ್ನ ತಾಯಿಯವರು ಅವನನ್ನು ‘ಹರದ್ಯಾ’ ಮಾಡಿದರು. ಅವರು ಬೀಡಿ ಕಟ್ಟುತ್ತ ಕೂತಿರುತ್ತಿದ್ದರು, ನೀನು ಪಕ್ಕದಲ್ಲಿ ಕೂತು ಪಂದ್ಯವನ್ನು ಓದಿ ಹೇಳುತ್ತಿದ್ದೆ. ಮರುದಿನ ನನಗೆ ವರದಿ ಬರುತ್ತಿತ್ತು.

“ಹರದ್ಯಾ ಏಳ ಫೂಟ ಅದಾನ ಅಂದೆ ಅಕ್ಕಾ. ‘ಹಂಗಾರ ನಮ್ಮ ಬಾಗಲದಾಗ ಹಾಯೂದ ಹೆಂಗೋ? ತಲಿ ಬಡಕೊಂತಾನ’ ಅಂತಾಳ್ರಿ ಆಯಿ.”

ಮತ್ತೊಂದು ದಿನ — “ನಮ್ಮ ಪೋರಗ ಇಂಡಿಯಾದ ನೀಲಿ ಅಂಗಿ ಯಾವಾಗ ಹಾಕತಾರಂತ ಕೇಳ ಅಂದಾಳ್ರಿ ಆಯಿ. ನಿಮ್ಮ ಹೆಸರ ಕೂಡ ಗೊತ್ತೈತ್ರಿ ಆಕಿಗೆ. ‘ಉಗಾರವಾಲಿ’ ಅಂತಾಳ.”

ನಾನು ಅಡಿಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದೆ. ಹರದ್ಯಾ ನನಗೆ ಬೇಕಾಗಿಯೂ ಇದ್ದ. ಆದರೆ ಅವನ ಕೈ ನಿಧಾನ. ಆ ಆಟದಲ್ಲಿ ಒಬ್ಬನನ್ನು ಯಾವ ಜಾಗದಲ್ಲಿ ಆಡಿಸುತ್ತೇವೋ ಆ ಜಾಗದ ಕಸುಬನ್ನೇ ಅವನು ಕಲಿಯುತ್ತಾನೆ. ಎತ್ತರದವನಿಗೆ ಕೈಚಳಕ ಬರಬೇಕೆಂದರೆ ಗಿಡ್ಡವರ ಜಾಗದಲ್ಲಿ ಆಡಿಸಬೇಕು, ಅಷ್ಟು ದಿನ ನಮ್ಮ ತಂಡ ಸೋಲುತ್ತಿರಬೇಕು. ನಾನು ಅದನ್ನೇ ಮಾಡು ಎಂದೆ. ನೀನು ಮಾಡಿದೆ. ಸೋತು ಸೋತು ನಿನ್ನ ತಂಡ ಕೆಳಗಿನ ದರ್ಜೆಗೆ ಇಳಿಯಿತು. “ಇವತ್ತೂ ಸೋತ್ವ್ರಿ ಅಕ್ಕಾ, ಆದ್ರ ಹರದ್ಯಾ ಒಂದ ಮೆಟ್ಟಲ ಏರ್ಯಾನ” ಎಂದು ನೀನು ಖುಷಿಯಿಂದ ಬರೆಯುತ್ತಿದ್ದೆ. ನಾನು ಮಾತು ಕೊಟ್ಟಿದ್ದೆ — ಈ ಸಲದ ಪಂದ್ಯಗಳು ಮುಗಿಯುವುದರೊಳಗೆ ನಿಮ್ಮ ಪೋರನಿಗೆ ನೀಲಿ ಅಂಗಿ. ಆಯಿಗೆ ಹೇಳು ಎಂದೂ ಬರೆದಿದ್ದೆ.

ಹೌದು, ‘ಆಯಿಗೆ ಹೇಳು’ ಎಂದು ನಾನೇ...

ಆಮೇಲೆ ಮ್ಯಾನೇಜರ ಕುರ್ಚಿಗೆ ಮತ್ತೆ ಚುನಾವಣೆ ಹತ್ತಿರ ಬಂತು. ಹಳೆಯ ಮಾಲೀಕನೊಬ್ಬ, ಹತ್ತಾರು ಗೆಳೆಯರಿದ್ದವನು, ನನಗೆ ಬರೆದ: ನನ್ನ ಎತ್ತರದ ಹುಡುಗನನ್ನು ಕೊನೆಯ ಪಂದ್ಯಗಳಲ್ಲಿ ಆಡಿಸಿ, ನಮ್ಮವರೆಲ್ಲರ ಮತ ನಿಮಗೇ. ಅವನ ಹುಡುಗನೂ ಹರದ್ಯಾನ ಜಾಗದವನೇ. ಹರದ್ಯಾನಿಗಿಂತ ಮೇಲೇನಲ್ಲ, ಒಂದು ಗುಲಗಂಜಿ ಕಡಿಮೆಯೇ. ನಾನು ಒಪ್ಪಿಕೊಂಡೆ. ಒಂದು ಪಂದ್ಯ, ಮತ್ತೊಂದು ಪಂದ್ಯ ಎನ್ನುತ್ತ ಕೊನೆಯದೂ ಬಂತು. ನಿನಗೆ ಏನೇನೋ ಕಾರಣ ಹೇಳಿದೆ. ನೀನು ‘ಹೌದ್ರಿ, ನಿಮಗ ತಿಳೀತೈತಿ’ ಎಂದೆ.

ಆ ಕೊನೆಯ ಪಂದ್ಯದ ದಿನ ಮುಂಜಾನೆ ಜೋಳದ ಹಿಟ್ಟು ನಾದುತ್ತಿದ್ದೆ. ಕಟ್ಟೆಯ ಮೇಲೆ ಮೊಬೈಲು ಬೆಳಗಿತು. ಹಿಟ್ಟಿನ ಬೆರಳಿನಲ್ಲೇ ಒತ್ತಿ ಓದಿದೆ.

“ಅಕ್ಕಾ, ಆಯಿದು ಭಾಳ ಸೀರಿಯಸ್ ಐತ್ರಿ. ದವಾಖಾನ್ಯಾಗ ಮನಿಗಿ ಕರಕೊಂಡ ಹೋಗ್ರಿ ಅಂದಾರ. ಇವತ್ತ ಹರದ್ಯಾನ ಇಳಸ್ರಿ. ಒಂದ ಮಿನಿಟ ಸಾಕ್ರಿ. ನಾ ಓದಿ ಹೇಳತೀನಿ, ಆಕಿ ಕೇಳತಾಳ.”

ಪಂದ್ಯ ಸಂಜೆಗಿತ್ತು. ಹೆಸರು ಬದಲಿಸಲು ದಿನವೆಲ್ಲ ಬಿಡುವಿತ್ತು. ಎದುರಿನ ತಂಡ ಎಷ್ಟು ದುರ್ಬಲವೆಂದರೆ ಹರದ್ಯಾನನ್ನು ಒಂದು ಮಿನಿಟಲ್ಲ, ಪೂರ್ತಿ ಆಡಿಸಿದರೂ ಗೆಲ್ಲುತ್ತಿದ್ದೆವು. ಒಂದು ಹೆಸರು ತೆಗೆದು ಇನ್ನೊಂದು ಹಾಕುವುದು, ಅಷ್ಟೇ ಕೆಲಸ. ಆದರೆ ಆ ಮಾಲೀಕ ಸಿಟ್ಟಾದರೆ? ಮತ ಹಾಕದಿದ್ದರೆ?

ನಾನು ಹಾಗೇ ಮೊಬೈಲು ನೋಡುತ್ತ ನಿಂತಿದ್ದಾಗ ಒಳಗಿನಿಂದ ಶ್ವೇತಾ ಕೂಗಿದಳು —

“ಆಯೀ, ಪಾಣೀ ತಾಪಲಂ ಕಾ?”

ನೀರು ಕಾಯಿತೇ ಎಂದು. ನನ್ನ ಗಂಡನ ಮನೆಮಾತು ಮರಾಠಿ, ಸದಾಶಿವ. ಮಗಳು ಮಾತು ಕಲಿತಾಗಿನಿಂದ ನನ್ನನ್ನು ಕರೆಯುವುದು ‘ಆಯಿ’ ಎಂದೇ. ದಿನಕ್ಕೆ ಎಷ್ಟು ಸಲವೋ. ತವರಿನಲ್ಲಿ ಆಯಿ ಎಂದರೆ ಮುತ್ಯಾನ ಹೆಂಡತಿ, ಅಜ್ಜಿ. ಈ ಮನೆಯಲ್ಲಿ ಆಯಿ ಎಂದರೆ ನಾನು. ಎರಡೂ ಅರ್ಥ ನನ್ನ ಮೈಯಲ್ಲೇ ಇದ್ದವು.

“ಕಾಯ್ದಾವು, ಬಾ” ಎಂದು ಮಗಳಿಗೆ ಹೇಳಿದೆ. ಹೇಳಿ, ಕೈ ಒರೆಸಿಕೊಂಡು, ನಿನಗೆ ಬರೆದೆ:

“ಆಯಿಗೆ ವಯಸ್ಸಾಗಿರತೈತಿ ತಮ್ಮಾ. ಧೈರ್ಯ ತಗೋ. ಹರದ್ಯಾನ್ನ ಮುಂದಿನ ಸಲದ ಮ್ಯಾಚಿಗೆ ನೋಡೋಣು.”

ವಯಸ್ಸಾಗಿರತೈತಿ! ನಿನ್ನ ತಾಯಿ ನನಗಿಂತ ನಾಲ್ಕಾರು ವರ್ಷ ದೊಡ್ಡವರಿದ್ದಾರು. ಅಜ್ಜಿ ಎಂಬ ಅರ್ಥ ಅಲ್ಲಿ ಸಿದ್ಧವಾಗಿತ್ತು, ಅದರ ಹಿಂದೆ ಅಡಗಿ ಕೂತೆ. ಅಜ್ಜಿಯಾದರೆ ಹರದ್ಯಾನ ಪಂದ್ಯ ಕಾಯಬಹುದು, ತಾಯಿಯಾದರೆ ಕಾಯಲಾಗದು — ಇಷ್ಟೇ ನನ್ನ ಲೆಕ್ಕ.

ಸಂಜೆ ನಾವು ಗೆದ್ದೆವು. ಸುಲಭವಾಗಿ ಗೆದ್ದೆವು. ಜನ ಅಭಿನಂದನೆ ಬರೆದರು. ನಾನು ಎಲ್ಲರಿಗೂ ಉತ್ತರಿಸಿದೆ.

ಮರುದಿನ ನಿನ್ನಿಂದ ಬಂತು — “ಆಯಿ ಹೋದ್ಲ್ರಿ ಅಕ್ಕಾ.”

ಅದರ ಕೆಳಗೆ ಇನ್ನೊಂದು. ಅದನ್ನು ಇವತ್ತಿಗೂ ಪೂರ್ತಿ ನೆನೆಸಿಕೊಳ್ಳಲು ನನ್ನಿಂದ... ಆದರೂ ಬರೆಯುತ್ತೇನೆ.

“ನಿನ್ನಿ ಮ್ಯಾಚ ನಾ ಸುಳ್ಳ ಓದಿ ಹೇಳಿದ್ನ್ರಿ. ಆ ಇನ್ನೊಬ್ಬ ಹುಡುಗನ ಹೆಸರ ಬಂದಲ್ಲೆಲ್ಲಾ ಹರದ್ಯಾ ಅಂದೆ. ಹರದ್ಯಾ ಚೆಂಡ ಹಿಡದಾ, ಹರದ್ಯಾ ಹಾಕಿದಾ. ಆಯಿ ಕಣ್ಣ ತಗೀಲಿಲ್ರಿ, ಆದ್ರ ಕೇಳಸ್ತಿತ್ತು. ‘ಬರಂ ಝಾಲಂ’ ಅಂದ್ಲು. ಆಮ್ಯಾಲ ಮಾತಾಡಲಿಲ್ಲ.”

ಬರಂ ಝಾಲಂ. ಒಳ್ಳೆಯದಾಯಿತು. ಹೊರಟುನಿಂತ ತಾಯಿಗೆ ಮಗ ಸುಳ್ಳು ಓದಬೇಕಾಯಿತು, ನನ್ನ ಕುರ್ಚಿಗೋಸ್ಕರ.

ಆಗಲಾದರೂ ತಪ್ಪಾಯಿತು ಎನ್ನಬಹುದಿತ್ತು. ಅನ್ನಲಿಲ್ಲ. “ಅಯ್ಯೋ ತಮ್ಮಾ, ನಿಮ್ಮ ಅವ್ವ ಏನೋ? ನಾ ಅಜ್ಜಿ ಅಂತ ತಿಳಕೊಂಡಿದ್ನೋ! ನಮ್ಮ ಹಾರೂಗೇರಿ ಕಡೆ ಆಯಿ ಅಂದ್ರ ಅಜ್ಜಿ” ಎಂದು ಬರೆದೆ. ಬೈಯುತ್ತೀಯ ಎಂದುಕೊಂಡಿದ್ದೆ. ನೀನು ಬರೆದೆ:

“ಹೌದಲ್ರಿ ಅಕ್ಕಾ, ನಿಮ್ಮ ಕಡೆ ಹಂಗ ಅಂತಾರ. ನಂದ ತಪ್ಪ. ನಾ ‘ಅವ್ವ’ ಅಂತ ಬರೀಬೇಕಿತ್ತು. ಹಂಗ ಬರೆದಿದ್ರ ನೀವು ಆಡಸ್ತಿದ್ರಿ.”

ನನ್ನ ತಪ್ಪನ್ನು ನೀನು ಹೀಗೆ ನಿನ್ನ ತಲೆಯ ಮೇಲೆ ಹೊತ್ತುಕೊಂಡೆ. ನಾನು ಇಳಿಸಲಿಲ್ಲ.

ಉಗಾರದಿಂದ ನಿಪ್ಪಾಣಿ ಎಷ್ಟು ದೂರ? ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿದರೆ ಮುಗಿಯಿತು. ಮಾತಾಡಿಸಲು ಬರಬಹುದಿತ್ತು. ಬಂದರೆ ಜೊತೆಗೆ ಶ್ವೇತಾ ಬರುತ್ತಾಳೆ, ನಿನ್ನೆದುರಿಗೇ ನನ್ನನ್ನು ಆಯಿ ಎನ್ನುತ್ತಾಳೆ — ಆ ಹೆದರಿಕೆಗೆ ಬರಲಿಲ್ಲ. ನೀನು ಫೋನು ಮಾಡಿದಾಗ ಹಿತ್ತಲಿಗೆ ಹೋಗಿ ಮಾತಾಡುತ್ತಿದ್ದೆ. ಒಮ್ಮೆ ಅಲ್ಲಿಗೂ ಅವಳ ಕೂಗು ಬಂತು. ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಮಗಳು ಕರೆದ ದನಿಯನ್ನು ಕಳ್ಳಮಾಲಿನಂತೆ ಮುಚ್ಚಿಟ್ಟ ತಾಯಿ ನಾನು.

ಚುನಾವಣೆ ಗೆದ್ದೆ. ಮುಂದಿನ ಪಂದ್ಯಗಳಿಗೆಲ್ಲ ಹರದ್ಯಾನನ್ನೇ ಕರೆದೆ. ನೀಲಿ ಅಂಗಿ ತೊಟ್ಟು ಅವನು ಚೆನ್ನಾಗಿಯೇ ಆಡಿದ. ಓದಿ ಹೇಳುವವನೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ನೀನು ಆಟ ತೆರೆಯುವುದನ್ನೇ ಬಿಟ್ಟಿದ್ದೆ. ಮಾಲೀಕ ಬಹಳ ದಿನ ಬಾರದಿದ್ದರೆ ಆಟವೇ ತಂಡವನ್ನು ಅಳಿಸಿಹಾಕುತ್ತದೆ. ಹರದ್ಯಾ ಹರಾಜಿಗೆ ಬಂದ, ಯಾವುದೋ ದೇಶದವರು ಕೊಂಡರು. ಆ ಸಲದ ಅವಧಿ ಮುಗಿದ ಮೇಲೆ ನಾನು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಅದು ದೊಡ್ಡತನವಲ್ಲ, ತಂಡದ ಪಟ್ಟಿ ತೆರೆದರೆ ಆ ಮುಂಜಾನೆಯ ಹಿಟ್ಟಿನ ಬೆರಳೇ ಕಾಣುತ್ತಿತ್ತು.

ಇಷ್ಟು ವರ್ಷ ಬಾಯಿ ಬಿಡದವಳು ಇವತ್ತು ಯಾಕೆ ಬರೆಯುತ್ತಿದ್ದೇನೆ? ಹೋದ ವಾರ ನೀನು ಕಳಿಸಿದ ಫೋಟೋದಿಂದಾಗಿ. ನಿನ್ನ ಮಗಳು, ಕುಂಚಿಗೆ ಕಟ್ಟಿಕೊಂಡು ಬೊಚ್ಚುಬಾಯಲ್ಲಿ ನಗುತ್ತಿರುವ ಕೂಸು. ಅದರ ಕೆಳಗೆ ನೀನು ಬರೆದಿದ್ದೆ:

“ಈಗ ಮಾತ ಕಲಿಯಾಕತ್ತಾಳ್ರಿ ಅಕ್ಕಾ. ಆಕಿಗೆ ‘ಅವ್ವ’ ಅನ್ನಾಕ ಕಲಿಸೇವ್ರಿ, ‘ಆಯಿ’ ಬ್ಯಾಡ ಅಂದೀನಿ. ಮನಿಯಾಗ ಎಲ್ಲಾರೂ ನಗತಾರ. ನಗಲಿ ಬಿಡ್ರಿ. ಮುಂದ ಯಾರಿಗೂ ತಪ್ಪ ತಿಳೀಬಾರದ ನೋಡ್ರಿ.”

ಕೊನೆಯಲ್ಲಿ ಒಂದು ನಗುವ ಮುಖವನ್ನೂ ಹಾಕಿದ್ದೆ. ನಾನು ಮೊಬೈಲು ಕೆಳಗಿಟ್ಟೆ. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು.

ನಿನ್ನ ತಾಯಿಯನ್ನು ನೀನು ಹುಟ್ಟಿದಾಗಿನಿಂದ ಕರೆದ ಶಬ್ದ ಅದು. ಅವರು ತಮ್ಮ ತಾಯಿಯನ್ನು ಕರೆದದ್ದೂ ಅದೇ ಇರಬೇಕು. ನನ್ನ ಒಂದು ಸುಳ್ಳನ್ನು ನಂಬಿ ನೀನು ಅದನ್ನು ನಿನ್ನ ಮನೆಯಿಂದಲೇ ಹೊರಗೆ ಹಾಕುತ್ತಿದ್ದೀಯ.

ಇವತ್ತು ಮುಂಜಾನೆ ಇದನ್ನೆಲ್ಲ ಮೊದಲು ಶ್ವೇತಾಳಿಗೆ ಓದಿ ಹೇಳಿದೆ. ಅವಳು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, ಬೇರೆ ಏನೋ ಹೇಳಲು, ‘ಆಯಿ’ ಎಂದು ಶುರುಮಾಡಿ ಸುಮ್ಮನಾದಳು. ಆ ಸುಮ್ಮನಾದದ್ದೂ ನನ್ನ ಪಾಲಿಗೇ ಬರಬೇಕಾದದ್ದು.

ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಕ್ಷಮಿಸಿಬಿಡುತ್ತೀಯ, ಅದು ನನಗೆ ಬೇಡ. ಒಂದೇ ಕೇಳುತ್ತೇನೆ. ಕೂಸಿಗೆ ಆಯಿ ಅನ್ನುವುದನ್ನೇ ಕಲಿಸು. ನೀನು ಬರೆದದ್ದರಲ್ಲಿ ತಪ್ಪಿರಲಿಲ್ಲ ಸದಾಶಿವ. ನಾನು ಸರಿಯಾಗಿಯೇ ಓದಿದ್ದೆ.