ವಾಸನೆ ಹುಡುಕಿಕೊಂಡು ಬಂದವರು

ಹಿಂದೂಪುರದ ಹುಣಸೆ ಮಂಡಿಗೆ ಎಲ್ಲರೂ ಹಣ್ಣಿಗೆಂದು ಹೋದರೆ ನಾನು ಬೀಜಕ್ಕೆಂದು ಹೋಗುತ್ತಿದ್ದೆ. ಚೀಲ ತುಂಬಿಸಿಕೊಂಡು ಬಸ್ಸು ಹತ್ತಿದರೆ ಮಡಕಶಿರಾ, ಪಾವಗಡ, ಆಮೇಲೆ ಕಲ್ಯಾಣದುರ್ಗ. ಅಲ್ಲಿ ನನ್ನ ತವರು. ಅಣ್ಣ ಮನೆಯ ಮುಂದಿನ ಕೋಣೆಯಲ್ಲಿ, ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಕರಿ ಕಂಬಳಿ ನೇಯುತ್ತಿದ್ದ. ಹುಣಸೆ ಬೀಜವನ್ನು ಹುರಿದು, ನೆನೆಸಿ, ಅರೆದು ಕುದಿಸಿದ ಗಂಜಿಯನ್ನು ಬಳಿಯದಿದ್ದರೆ ಉಣ್ಣೆಯ ನೂಲು ಮಗ್ಗದಲ್ಲಿ ನಿಲ್ಲುವುದಿಲ್ಲ. ಬೀಜ ಒಯ್ಯುವುದು, ಕಂಬಳಿ ತರುವುದು, ಹಿಂದೂಪುರದಲ್ಲಿ ನನ್ನ ಗಂಡನ ಹಾಸಿಗೆ ದಿಂಬಿನ ಅಂಗಡಿಯಲ್ಲಿಟ್ಟು ಮಾರುವುದು, ಇದು ನನ್ನ ಪಾಲಿನ ವ್ಯಾಪಾರ. ಕಂಬಳಿ ಖರ್ಚಾದರೆ ತವರಿಗೆ ಹೋಗಲು ನನಗೊಂದು ನೆಪ. ಖರ್ಚಾಗದಿದ್ದರೆ ಅದೂ ಇಲ್ಲ. ತವರಿಗೆ ಹೋಗಲು ನೆಪ ಯಾಕೆ ಬೇಕು ಎಂದು ಕೇಳುವವರು ಗಂಡಸರೇ ಇರಬೇಕು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗುವಷ್ಟರಲ್ಲಿ ಉತ್ತರದ ಕಡೆಯಿಂದ ಮಿಲ್ಲಿನ ಹೊದಿಕೆಗಳು ಬಂದುಬಿಟ್ಟವು. ಹುಲಿಯ ಚಿತ್ರ, ಗುಲಾಬಿಯ ಚಿತ್ರ, ಮುಟ್ಟಿದರೆ ಬೆಕ್ಕಿನ ಮೈಯಂಥ ನುಣುಪು. ನನ್ನ ಗಂಡನೇ ಅವುಗಳನ್ನು ತಂದು ಅಂಗಡಿಯ ಮುಂದೆ ನೇತುಹಾಕಿದ. ಎರಡು ದಿನ ಅವನೊಂದಿಗೆ ಮಾತು ಬಿಟ್ಟೆ, ಅಡುಗೆ ಬಿಡಲಿಲ್ಲ. ಕಂಬಳಿಗಳು ಮೊದಲು ಹಿಂದಿನ ಸಾಲಿಗೆ, ಆಮೇಲೆ ಅಟ್ಟಕ್ಕೆ ಹೋದವು. ಒಂದು ದಿನ ಅಣ್ಣ ಫೋನ್ ಮಾಡಿದ.

"ಯುಗಾದಿ ತಂಕ ನೋಡ್ತೀನಿ ಕಣಮ್ಮ. ಆಗ್ಲಿಲ್ಲಾಂದ್ರೆ ಗುಂಡಿ ಮುಚ್ಬುಟ್ಟು, ಆ ರೂಮ್ನ ಯಾರಿಗಾನ ಸೆಲ್ ಅಂಗ್ಡಿಗೆ ಬಾಡ್ಗೆಗೆ ಕೊಟ್ಬುಡ್ತೀನಿ."

ಆ ಗುಂಡಿಯ ಅಂಚಿನಲ್ಲಿ ಮಲಗಿ ನಾನು ಬೆಳೆದದ್ದು. ಅಪ್ಪ ಮಗ್ಗದ ಹಲಗೆ ಬಡಿಯುವ ಸದ್ದು ನಿಂತರೆ ನನಗೆ ಎಚ್ಚರವಾಗುತ್ತಿತ್ತು, ಬಡಿಯುತ್ತಿದ್ದರೆ ನಿದ್ದೆ. ಅದರ ಮೇಲೆ ಮಣ್ಣು ಸುರಿದು ಸಿಮೆಂಟು ಬಳಿದರೆ ಕಲ್ಯಾಣದುರ್ಗದಲ್ಲಿ ನನ್ನದು ಅಂತ ಏನು ಉಳಿಯುತ್ತದೆ? ಅಣ್ಣ ಇರುತ್ತಾನೆ, ಅತ್ತಿಗೆ ಇರುತ್ತಾಳೆ, ಊಟಕ್ಕೆ ಕರೆಯುತ್ತಾರೆ. ಉಂಡು ಬರುವ ನೆಂಟಳಾಗುವುದು ನನಗೆ ಬೇಕಿರಲಿಲ್ಲ.

ನಮ್ಮ ಬೀದಿಯ ತುದಿಯಲ್ಲಿ ಟೈಪಿಂಗ್ ಮೇಷ್ಟ್ರು ಒಬ್ಬರಿದ್ದರು. ಟೈಪ್‌ರೈಟರ್‌ಗಳನ್ನೆಲ್ಲ ಮಾರಿ ಇಂಟರ್ನೆಟ್ ಸೆಂಟರ್ ಇಟ್ಟಿದ್ದರು. ಅಂಗಡಿಗೊಂದು ವೆಬ್‌ಸೈಟ್ ಮಾಡಿಸಿದರೆ ಲೋಕವೇ ಗಿರಾಕಿಯಾಗುತ್ತದೆ ಎಂದು ಅವರು ನನ್ನ ತಲೆಗೆ ತುಂಬಿದರು. ನಾನು ತೆಲುಗಿನಲ್ಲೂ ಕನ್ನಡದಲ್ಲೂ ಹೇಳಿದ್ದನ್ನು ಅವರು ಇಂಗ್ಲಿಷಿನಲ್ಲಿ ಟೈಪು ಮಾಡಿದರು. ಅಣ್ಣನ ಕಂಬಳಿಯ ಫೋಟೋ, ಅಂಗಡಿಯ ಫೋನ್ ನಂಬರು, ಕೆಳಗೆ, ಪುಟ ನೋಡಲು ಬಂದವರನ್ನು ಎಣಿಸುವ ಒಂದು ಮೀಟರು. ವಾರ ಕಳೆದರೂ ಮೀಟರು ಅಲುಗಲಿಲ್ಲ. ಅಲುಗಿದ್ದೆಲ್ಲ ನಾನು ನೋಡಿದ್ದು, ಮೇಷ್ಟ್ರು ನೋಡಿದ್ದು.

ಆಗ ಮೇಷ್ಟ್ರು ಒಂದು ಉಪಾಯ ಮಾಡಿದರು. ಜನ ಕಂಪ್ಯೂಟರಿನಲ್ಲಿ ಏನೇನು ಹುಡುಕುತ್ತಾರೋ ಅದೆಲ್ಲವನ್ನೂ ನಮ್ಮ ಪುಟಕ್ಕೆ ಸೇರಿಸಿದರು. ಮೆತ್ತನೆ ಹೊದಿಕೆ, ಬೆಡ್‌ಶೀಟ್, ಸ್ವೆಟರ್, ರೇಷ್ಮೆ ಸೀರೆ, ಕೊನೆಗೆ ಲೇಪಾಕ್ಷಿ ದೇವಸ್ಥಾನವನ್ನೂ ಬಿಡಲಿಲ್ಲ. ನಮ್ಮ ಅಂಗಡಿಯಲ್ಲಿ ಸೀರೆ ಎಲ್ಲಿದೆ ಎಂದು ಕೇಳಿದ್ದಕ್ಕೆ ಅವರು ಬೆರಳು ಮೇಲೆತ್ತಿ ಹೇಳಿದರು: "ಮುಂದು ಹಿಟ್ಸ್ ರಾವಾಲಮ್ಮಾ. ಮಿಗತಾದಿ ತರ್ವಾತ." ಮೊದಲು ಜನ ಬರಲಿ, ಮಿಕ್ಕಿದ್ದು ಆಮೇಲೆ ಎಂಬುದು ಅವರ ಸಿದ್ಧಾಂತ. ನಾನೂ ಒಪ್ಪಿದೆ. ಅಂಗಡಿ ಇಟ್ಟವರ ಮನೆಯವಳಾಗಿ, ಬಾಗಿಲಿಗೆ ಬಂದ ಜನವನ್ನು ಬೇಡ ಎನ್ನುವುದು ಹೇಗೆ?

ಮೀಟರು ಓಡತೊಡಗಿತು. ಮೇಷ್ಟ್ರು ಮೈಸೂರು ಪಾಕು ಹಂಚಿದರು. ಫೋನೂ ಬರತೊಡಗಿತು. ಲೇಪಾಕ್ಷಿಗೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಒಬ್ಬರು, ಧರ್ಮಾವರದ ಸೀರೆ ಇದೆಯೇ ಎಂದು ಒಬ್ಬರು, ಹೋಟೆಲಿಗೆ ಬಿಳಿ ಬೆಡ್‌ಶೀಟ್ ಬೇಕು ಎಂದು ಇನ್ನೊಬ್ಬರು. ನಾನು ಎಲ್ಲರಿಗೂ ಮರ್ಯಾದೆಯಿಂದಲೇ ಉತ್ತರ ಹೇಳಿದೆ. ಬಸ್ಸಿನ ಹೊತ್ತು ಕೇಳಿದವರಿಗೆ ವಾಪಸು ಬಸ್ಸಿನ ಹೊತ್ತನ್ನೂ ಹೇಳಿದೆ. ಅಣ್ಣನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದರೆ ಅವನು, ಅಷ್ಟು ಜನ ಬಂದಿದ್ದರೆ ಅಟ್ಟ ಯಾಕೆ ಖಾಲಿಯಾಗಿಲ್ಲ ಎಂದು ಕೇಳಿದ. ನನಗೆ ಮೈಯೆಲ್ಲ ಉರಿಯಿತು. ಉರಿದದ್ದು ಅವನು ಸರಿಯಾಗಿ ಕೇಳಿದ್ದಕ್ಕೆ.

ಅಂತೂ ದೂರದ ಊರಿನ ಒಬ್ಬ ಹೆಂಗಸು ಒಂದು ಕಂಬಳಿ ತರಿಸಿಕೊಂಡರು. ಅಣ್ಣ ಆಗಷ್ಟೇ ಮಗ್ಗದಿಂದ ಇಳಿಸಿ ಬಸ್ಸಿನಲ್ಲಿ ಕಳಿಸಿದ್ದು. ಕುಣಿಯುತ್ತ ಪಾರ್ಸೆಲ್ ಕಟ್ಟಿದೆ. ಸ್ವಲ್ಪ ದಿನಕ್ಕೆ ಅದು ವಾಪಸು ಬಂತು. ಆಮೇಲೆ ಫೋನಿನಲ್ಲಿ ಅವರು ನಯವಾಗಿಯೇ ಬೈದರು: ಹಲಗೆಯಂತೆ ಬಿರುಸಾಗಿದೆ, ಚುಚ್ಚುತ್ತದೆ, ಕುರಿಯ ವಾಸನೆ, ಮೇಲೆ ಇನ್ನೇನೋ ಹುಳಿ ವಾಸನೆ, ನೀವು ಮೆತ್ತಗಿದೆ ಅಂತ ಬರೆದಿದ್ದಿರಿ. ಹೊಸ ಕಂಬಳಿ ಹಾಗೆಯೇ ಇರುತ್ತದಲ್ಲ, ಹೊದ್ದು ಹೊದ್ದು ಗಂಜಿ ಬಿಟ್ಟ ಮೇಲಲ್ಲವೇ ಅದು ಮೈಗೆ ಒಗ್ಗುವುದು? ಕುರುಬರ ಮನೆಯ ಕೂಸಿಗೂ ಗೊತ್ತಿರುವುದನ್ನು ಬರೆಯಬೇಕು ಅಂತ ನಮ್ಮ ಯಾರಿಗೂ ಹೊಳೆದಿರಲೇ ಇಲ್ಲ.

ಆ ಪಾರ್ಸೆಲ್ ಬಿಚ್ಚಿದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಅವರು ದೂರಿದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಉಣ್ಣೆ, ಗಂಜಿ, ಅತ್ತಿಗೆಯ ಒಲೆಯ ಹೊಗೆ. ಇಡೀ ಮುಂದಿನ ಕೋಣೆಯೇ ಪಾರ್ಸೆಲ್ಲಿನಲ್ಲಿ ಬಂದಿತ್ತು. ಕಂಬಳಿಗೆ ಮುಖ ಒತ್ತಿಕೊಂಡು ಅತ್ತೆ. ಎಷ್ಟು ತಿಂಗಳಿಂದ ಹೋಗಿರಲಿಲ್ಲ ನಾನು. ಅತ್ತು ಮುಗಿದ ಮೇಲೆ ಒಂದು ಮಾತು ಹೊಳೆಯಿತು. ಆ ಹೆಂಗಸಿಗೆ ಬೇಡವಾದದ್ದೇ ನನಗೆ ಬೇಕಾದದ್ದು. ಹಾಗಿದ್ದರೆ ನನ್ನಂಥವರು ಲೋಕದಲ್ಲಿ ಇನ್ನೂ ಇರಬೇಕು. ಅವರು ಕಂಪ್ಯೂಟರಿನ ಮುಂದೆ ಕೂತರೆ ಬೆಡ್‌ಶೀಟ್ ಅಂತ ಯಾಕೆ ಹುಡುಕುತ್ತಾರೆ?

ಮಾರನೆಯ ದಿನ ಮೇಷ್ಟ್ರ ಪಕ್ಕದಲ್ಲಿ ಕೂತು ಎಲ್ಲ ಅಳಿಸಿಸಿದೆ. ಸೀರೆ ಹೋಯಿತು, ಸ್ವೆಟರ್ ಹೋಯಿತು, ಲೇಪಾಕ್ಷಿಗೆ ಕೈಮುಗಿದು ಅದನ್ನೂ ತೆಗೆಸಿದೆ. ದೂರದಲ್ಲಿದ್ದು ಹಂಬಲಿಸಿದರೆ ನಾನು ಯಾವ ಪದ ಹುಡುಕುತ್ತೇನೋ ಅವನ್ನೇ ಹಾಕಿಸಿದೆ: ಕರಿ ಕಂಬಳಿ, ಗುಂಡಿ ಮಗ್ಗ, ಮದುವೆಯ ಗದ್ದುಗೆ, ಹುಣಸೆ ಬೀಜದ ಗಂಜಿ. ಕೆಳಗೆ ಇದ್ದದ್ದನ್ನು ಇದ್ದ ಹಾಗೆ ಬರೆಸಿದೆ. ಈ ಕಂಬಳಿ ಚುಚ್ಚುತ್ತದೆ. ಹೊಸದರಲ್ಲಿ ಬಿರುಸು. ಕುರಿಯ ವಾಸನೆ, ಗಂಜಿಯ ವಾಸನೆ ಬರುತ್ತದೆ. ಅದು ಬೇಡವಾದವರು ದಯವಿಟ್ಟು ಕೊಳ್ಳಬೇಡಿ. ಬೇಕಾದವರು ಯಾತಕ್ಕೆ ಬೇಕು ಎಂದು ಫೋನಿನಲ್ಲಿ ಹೇಳಿ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಯಾವ ಅಂಗಡಿಯವನಾದರೂ ಹೀಗೆ ಬರೆಸುತ್ತಾನೆಯೇ ಎಂದು ಕೇಳಿದರು. ನಾನು ಅಂಗಡಿಯವನಲ್ಲ ಎಂದೆ.

ಮೀಟರು ಮತ್ತೆ ಮಲಗಿತು. ಮೇಷ್ಟ್ರಿಗೆ ನನ್ನ ಮುಖ ನೋಡಲು ಸಂಕೋಚವಾಗುವಷ್ಟು. ಆದರೆ ಬಂದವರು ಬೇರೆ ಥರದವರು. ಎಲ್ಲೋ ಸೂರತ್ ಕಡೆಯಿಂದ ಒಬ್ಬ ಮುದುಕರು ಫೋನ್ ಮಾಡಿ ಗಂಜಿ ಹುಣಸೆ ಬೀಜದ್ದೇನಾ ಎಂದು ಕೇಳಿದರು. ಹೌದು ಎಂದೆ. ಅವರ ಅಪ್ಪ ಕುರಿ ಕಾಯುತ್ತಿದ್ದವರಂತೆ. ತೊಳೆಯದೆ ಹಾಗೆಯೇ ಕಳಿಸಿ ಎಂದರು. ಇನ್ನೊಬ್ಬ ತಾಯಿ ಮಗಳ ಮದುವೆಗೆ ಕೇಳಿದರು. ಹೆಣ್ಣು ಗಂಡನ್ನು ಕರಿ ಕಂಬಳಿಯ ಗದ್ದುಗೆಯ ಮೇಲೆ ಕೂರಿಸಬೇಕು, ಹುಲಿಯ ಚಿತ್ರದ ಮೇಲೆ ಕೂರಿಸಲಾಗುತ್ತದೆಯೇ ಎಂದು ನಕ್ಕರು. ಯಾರೂ ವಾಪಸು ಕಳಿಸಲಿಲ್ಲ.

ಯಾರಿಗೆ, ಯಾತಕ್ಕೆ ಎಂದು ನಾನು ಅಣ್ಣನಿಗೆ ಹೇಳುತ್ತಿದ್ದೆ. ಅವನು ಅದಕ್ಕೆ ತಕ್ಕಂತೆ ನೇಯುತ್ತಿದ್ದ. ಗದ್ದುಗೆಗೆ ಒತ್ತಾಗಿ, ಮುದುಕರಿಗೆ ಸ್ವಲ್ಪ ಹಗುರಾಗಿ. ಯುಗಾದಿ ಬಂತು, ಹೋಯಿತು, ಗುಂಡಿ ಉಳಿಯಿತು. ಆ ಕೆಲವು ವರ್ಷ ಬೀಜದ ಚೀಲ ಹೊತ್ತು ಪಾವಗಡದಲ್ಲಿ ಬಸ್ಸು ಬದಲಿಸಿದಷ್ಟು ಸುಖ ನನಗೆ ಯಾವ ತೀರ್ಥಯಾತ್ರೆಯಲ್ಲೂ ಸಿಕ್ಕಿಲ್ಲ. ಕಿಟಕಿಯ ಪಕ್ಕ ಕೂತವಳಿಗೆ ಕಲ್ಯಾಣದುರ್ಗದ ಬೆಟ್ಟ ಕಂಡರೆ ಸಾಕು, ವಯಸ್ಸು ಇಳಿಯುತ್ತಿತ್ತು.

ಆಮೇಲೆ ಅಣ್ಣನ ಸೊಂಟ ಕೈಕೊಟ್ಟಿತು. ಗುಂಡಿಗೆ ಇಳಿದರೆ ಮೇಲೆ ಹತ್ತಿಸಲು ಅತ್ತಿಗೆ ಬೇಕಾಗುತ್ತಿತ್ತು. ಮಗ್ಗ ನಿಲ್ಲಿಸುತ್ತೇನೆ, ಈ ಸಲ ಗಿರಾಕಿ ಇಲ್ಲವೆಂದು ಅಲ್ಲ, ಮೈಯಲ್ಲಿ ಆಗದು ಎಂದು ಹೇಳಿದ. ಅದಕ್ಕೆ ಯಾವ ವೆಬ್‌ಸೈಟೂ ಉತ್ತರವಲ್ಲ. ಮೇಷ್ಟ್ರಿಗೆ ಪುಟ ತೆಗೆದುಬಿಡಿ ಎಂದು ಹೇಳಲು ಹೋದೆ. ತೆಗೆಯುವ ಮೊದಲು ಒಂದು ಸಲ ನೋಡುತ್ತೇನೆಂದು ಕೂತು, ಯಾರೋ ಬರೆದದ್ದೆಂಬಂತೆ ಮೊದಲಿನಿಂದ ಓದಿದೆ. ಚುಚ್ಚುತ್ತದೆ. ವಾಸನೆ ಬರುತ್ತದೆ. ಬೇಕಾದವರು ಯಾತಕ್ಕೆ ಬೇಕು ಹೇಳಿ.

ಹೊರಗೆ ಬಂದು ಅಣ್ಣನಿಗೆ ಫೋನ್ ಮಾಡಿದೆ. ಹಿಂದೂಪುರದ ಒಬ್ಬ ಹೆಂಗಸು ಪುಟ ನೋಡಿ ಕೇಳಿದ್ದಾಳೆ, ಒಂದೇ ಒಂದು, ವಾಸನೆ ಬೇಗ ಹೋಗಬಾರದಂತೆ ಎಂದೆ. ಅವನು, ನೋಡೋಣ ಎಂದ.

ಚಳಿಗಾಲ ಮುಗಿಯುವ ಹೊತ್ತಿಗೆ ಅವನೇ ಕಂಬಳಿ ಹೊತ್ತು ಹಿಂದೂಪುರಕ್ಕೆ ಬಂದ. ಆ ಸೊಂಟದಲ್ಲಿ ಅಷ್ಟು ದೂರ. ಹೊಸ್ತಿಲಲ್ಲಿ ನಿಂತವನಿಗೆ ನೀರು ಕೊಟ್ಟೆ. ಗಿರಾಕಿಯ ಮನೆ ಎಲ್ಲಿ ಅಂತ ಅವನು ಕೇಳುತ್ತಾನೆಂದು, ಹೇಳಲು ಒಂದು ಬೀದಿಯ ಹೆಸರನ್ನೂ ಯೋಚಿಸಿಟ್ಟುಕೊಂಡಿದ್ದೆ. ಅವನು ಏನೂ ಕೇಳದೆ ಒಳಗೆ ಬಂದು ನನ್ನ ಮಂಚದ ಮೇಲೆ ಅದನ್ನು ಹಾಸಿದ.

"ಗಂಜಿ ಒಂಚೂರು ಜಾಸ್ತಿನೇ ಹಾಕಿವ್ನಿ," ಎಂದ. "ಚುಚ್ತದೆ ಅಂತ ಮಾತ್ರ ವಾಪಸ್ ಕಳಿಸ್ಬ್ಯಾಡ ಕಣಮ್ಮ. ಇನ್ನೊಂದು ನೇಯೋಕೆ ಅಲ್ಲಿ ಮಗ್ಗ ಇಲ್ಲ ಈಗ."

ಅಣ್ಣ ಊಟ ಮಾಡಿ ಸಂಜೆಯ ಬಸ್ಸಿಗೆ ಹೋದ. ಕಂಬಳಿಯನ್ನು ನಾನು ಇವತ್ತಿಗೂ ತೊಳೆದಿಲ್ಲ.