ಲಕ್ಕವ್ವನ ಹೊಲದ ಕೂಳೆ

2005ರ ಜೂನ್ ತಿಂಗಳಲ್ಲಿ ನನ್ನನ್ನು ಜಮಖಂಡಿ ತಾಲ್ಲೂಕಿನ ಸಾವಳಗಿಗೆ ಕೃಷಿ ಅಧಿಕಾರಿಯಾಗಿ ವರ್ಗ ಮಾಡಿದರು. ತುಮಕೂರು ಸೀಮೆಯವನಾದ ನನಗೆ ಅಲ್ಲಿ ನೆಂಟರಿರಲಿಲ್ಲ, ಗೆಳೆಯರಿರಲಿಲ್ಲ. ಹೆಂಡತಿ ಶಾಲಾ ಶಿಕ್ಷಕಿ, ನೌಕರಿ ಬಿಟ್ಟು ಬರುವಂತಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಒಂದು ಕೋಣೆಯಲ್ಲಿ ನಾನು, ಒಂದು ಸ್ಟವ್, ಇಲಾಖೆಯ ಒಂದು ಕಟ್ಟು ಪುಸ್ತಕ. ಭಾನುವಾರ ಬಂದರೆ ಮಾತಾಡಲು ಜನವಿಲ್ಲದೆ ಜೀವ ಹಿಡಿಯಷ್ಟಾಗುತ್ತಿತ್ತು. ಹಾಗಾಗಿ ಭಾನುವಾರವೂ ಬೈಕ್ ಹತ್ತಿ ಹೊಲ ಸುತ್ತುತ್ತಿದ್ದೆ. ಮೇಲಧಿಕಾರಿಗಳು ಇದನ್ನು ಕರ್ತವ್ಯನಿಷ್ಠೆ ಎಂದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ.

ಆ ಮಳೆಗಾಲ ನಮಗೆ ಸಂರಕ್ಷಣಾ ಕೃಷಿಯ ಬಗ್ಗೆ ಒಂದು ವಾರದ ತರಬೇತಿ ಕೊಟ್ಟರು. ಇದರ ಸೂತ್ರ ಮೂರೇ: ಮಣ್ಣನ್ನು ಆದಷ್ಟು ಕೆದಕಬಾರದು, ಕೊಯ್ಲಾದ ಮೇಲೆ ಉಳಿಯುವ ಕೂಳೆ, ಸೊಪ್ಪು, ಹೊಟ್ಟನ್ನು ನೆಲದ ಮೇಲೇ ಹೊದಿಕೆಯಾಗಿ ಬಿಡಬೇಕು, ಬೆಳೆ ಬದಲಿಸುತ್ತಿರಬೇಕು. ಬ್ರೆಜಿಲ್, ಅರ್ಜೆಂಟೀನಾ, ಆಸ್ಟ್ರೇಲಿಯಾದ ರೈತರು ನೇಗಿಲನ್ನು ಮೂಲೆಗಿಟ್ಟು ಹೀಗೇ ಬೆಳೆಯುತ್ತಿರುವ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರು. ಕಣ್ಣು ಹಾಯುವಷ್ಟು ದೂರ ಹೊಲ, ನಡುವೆ ಒಂದೇ ಒಂದು ಯಂತ್ರ. ಇಡೀ ಜಗತ್ತು ಮುಂದೆ ಹೋಗಿದೆ, ಸಾವಳಗಿಯೊಂದೇ ಹಿಂದುಳಿದಿದೆ ಎಂದು ನನಗೆ ಖಾತ್ರಿಯಾಯಿತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಅದು ನನ್ನನ್ನು ನೋಡಿಯೇ ಹೇಳಿದ ಮಾತು.

ಊರಲ್ಲಿ ಯಾರೂ ಒಪ್ಪಲಿಲ್ಲ. ಬೇಸಿಗೆಯಲ್ಲಿ ರಂಟೆ ಹೊಡೆದು ನೆಲ ಉತ್ತು, ಮೇಲೆ ನಾಲ್ಕು ಸಲ ಕುಂಟೆಯಿಂದ ಹರಗಿದವನೇ ಅಲ್ಲಿ ರೈತ. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು, "ಸಾಹೇಬ್ರ, ಹರಗದ ಹೊಲಾ ಕಂಡ್ರ ಆ ಮನ್ಯಾಗ ಗಣಮಕ್ಕಳಿಲ್ಲ ಅಂತಾರ್ರಿ ಮಂದಿ" ಎಂದರು. ಇನ್ನೊಬ್ಬರು, "ನಿಮ್ಮ ಬ್ರೆಜಿಲ್‌ನಾಗ ನಮ್ಮಂಥಾ ಎರಿ ಮಣ್ಣು ಐತೇನ್ರಿ?" ಎಂದು ಕೇಳಿ ಎಲ್ಲರನ್ನೂ ನಗಿಸಿದರು.

ಕೊನೆಗೆ ಒಪ್ಪಿದ್ದು ನಿಜವಾಗಿಯೂ ಗಂಡಸರಿಲ್ಲದ ಮನೆ. ಲಕ್ಕವ್ವನಿಗೆ ಆಗ ಐವತ್ತರ ಆಸುಪಾಸು. ಕುರಿ ಸಾಕುವ ಮನೆತನ. ಗಂಡ ತೀರಿ ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಿಂಗಾರಿ ಜೋಳ ಬೆಳೆಯುವ ಎರಡೆಕರೆ ಕಪ್ಪು ಎರೆ ಭೂಮಿ ಆಕೆಯದು, ಮನೆಯೂ ಅದರ ಪಕ್ಕದಲ್ಲೇ. ನನ್ನ ಉದ್ದನೆಯ ಭಾಷಣ ಕೇಳಿ, "ಆಗಲ್ರಿ. ಆದ್ರ ನೀವು ವಾರಕ್ಕೊಮ್ಮಿ ಬರಬೇಕ್ರಿ ಮತ್ತ" ಎಂದಳು. ತಾಂತ್ರಿಕತೆಯ ಮೇಲೆ ಎಷ್ಟು ಆಸಕ್ತಿ ಎಂದು ನಾನು ಹಿಗ್ಗಿದೆ. ಒಂಟಿ ಕೋಣೆಯಲ್ಲಿದ್ದ ನನಗೇ ಆ ಮಾತು ಅರ್ಥವಾಗಲಿಲ್ಲವಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ನಮ್ಮ ಯೋಜನೆ ಸರಳವಾಗಿತ್ತು. ಫೆಬ್ರವರಿಯಲ್ಲಿ ಜೋಳವನ್ನು ಬುಡದಿಂದ ಒಂದಡಿ ಬಿಟ್ಟು ಕೊಯ್ಯುವುದು, ರಂಟೆ ಕುಂಟೆ ಎರಡನ್ನೂ ಮುಟ್ಟದೆ ಅಕ್ಟೋಬರ್‌ವರೆಗೆ ಕೂಳೆಯನ್ನು ಹಾಗೇ ಬಿಟ್ಟು ಅದರ ನಡುವೆಯೇ ಕಡಲೆ ಬಿತ್ತುವುದು. ಹೊಲಕ್ಕೆ ದನಕರು ಬಿಡಬಾರದು ಎಂದೂ ಹೇಳಿದೆ.

"ಕುರಿನೂ ಬಿಡಬಾರ್ದೇನ್ರಿ?" ಎಂದು ಕೇಳಿದಳು.

"ಕುರಿ ಬಿಟ್ಟರೆ ಹೊದಿಕೆಯೇ ಉಳಿಯಲ್ಲಮ್ಮ. ಮಾತು ಕೊಡಿ" ಎಂದೆ.

"ಹೂಂ ರಿ" ಎಂದಳು. ಯಾಕೆ ಕೇಳಿದಳೆಂದು ನಾನು ವಿಚಾರಿಸಲಿಲ್ಲ.

2006ರ ಮಾರ್ಚ್ ಮೊದಲ ವಾರ ನಾನು ಲಕ್ಕವ್ವನ ಜೊತೆ ಆ ಹೊಲದಲ್ಲೇ ಇದ್ದೆ. ಹತ್ತಿರ ಹತ್ತಿರ ಇನ್ನೂರು ಕುರಿಗಳ ಹಿಂಡು ಬಂತು. ಜೊತೆಗೆ ಲಕ್ಕವ್ವನ ಮೈದುನ ಬೀರಪ್ಪ, ಅವನ ಹೆಂಡತಿ, ಮೂವರು ಮಕ್ಕಳು. ಬೀರಪ್ಪ ಬದುವಿನಲ್ಲಿ ಕೆರ ಬಿಟ್ಟು, ಸೊಂಟದ ಚೀಲದಿಂದ ಬೀರೇಶ್ವರನ ಭಂಡಾರವನ್ನು, ಪೂಜೆಯ ಅರಿಶಿನಪುಡಿಯನ್ನು, ಹಿಡಿ ತುಂಬ ತೆಗೆದ. ಅದನ್ನು ಹೊಲಕ್ಕೆ ಎರಚಿದ ಮೇಲೆ ಕುರಿ ಒಳಗೆ ಬಿಡುವುದು ಅವರ ಪದ್ಧತಿಯಂತೆ. ನಾನು ಓಡಿ ಹೋಗಿ ಅಡ್ಡ ನಿಂತೆ.

"ಈ ಸಲ ಕುರಿ ಬಿಡುವಂತಿಲ್ಲ. ಇದು ಪ್ರಾತ್ಯಕ್ಷಿಕೆಯ ಹೊಲ. ಕೂಳೆ ಮಣ್ಣಿಗೆ ಬೇಕು."

"ಮಣ್ಣಿಗೇನ್ರಿ?" ಎಂದ ಬೀರಪ್ಪ. ಆಮೇಲೆ ನನ್ನನ್ನು ಬಿಟ್ಟು ಅತ್ತಿಗೆಯ ಕಡೆ ತಿರುಗಿದ. "ಖರೇನ, ವೈನಿ?"

ಲಕ್ಕವ್ವ ನೆಲ ನೋಡಿದಳು. ನನಗೆ ಕೊಟ್ಟ ಮಾತು ಆಕೆಯ ಬಾಯಿ ಕಟ್ಟಿತ್ತು.

"ಆತು" ಎಂದ ಅವನು. ಭಂಡಾರವನ್ನು ಒಂದು ಚೂರೂ ಚೆಲ್ಲದಂತೆ ಚೀಲಕ್ಕೆ ಮರಳಿ ಹಾಕಿದ. ಹೆಂಡತಿ ಮಕ್ಕಳು ನೀರು ಸಹ ಕುಡಿಯದೆ ಹಿಂಡಿನ ಹಿಂದೆ ನಡೆದರು. ಕುರಿಗೊಬ್ಬರಕ್ಕೆ ಬೆಲೆ ಕಟ್ಟುವ ಊರು ಅದು. ಪಕ್ಕದ ಹೊಲದವರು ಕರೆದು ಜಾಗ ಕೊಟ್ಟರು. ಹದಿನೈದು ದಿನ ಅವರು ಕೂಗಳತೆಯಲ್ಲೇ ಇದ್ದರು, ಆದರೆ ಒಬ್ಬರೂ ಆಕೆಯ ಹೊಸ್ತಿಲು ತುಳಿಯಲಿಲ್ಲ.

ಮುಂದಿನ ವಾರ ಹೋದಾಗ ಲಕ್ಕವ್ವನ ಬುಟ್ಟಿಯ ತುಂಬ ರೊಟ್ಟಿ ಇತ್ತು. "ಆರು ಮಂದಿ ರೊಟ್ಟಿ ಬಡದೇನ್ರಿ ಸಾಹೇಬ್ರ. ಕೈ ಕೇಳಲಿಲ್ಲ" ಎಂದು ನನಗೇ ಎರಡು ಬಡಿಸಿದಳು. ಅವತ್ತು ಕೂತು ಕೇಳಿದೆ. ಕಾಳು ಮನೆಗೆ, ಜೋಳದ ದಂಟಿನ ಕಣಿಕೆ ದನಕ್ಕೆ, ಕೂಳೆ ಕುರಿಗೆ: ಆ ಮನೆಯಲ್ಲಿ ಪಾಲು ಹಾಗೆ. ವರ್ಷವಿಡೀ ಕುರಿ ಮೇಯಿಸುತ್ತ ಹೊಳೆ ದಂಡೆ ದಂಡೆ ಅಲೆಯುವ ಮೈದುನ ಸುಗ್ಗಿ ಮುಗಿದ ಮೇಲೆ ಅಣ್ಣನ ಹೊಲದಲ್ಲಿ ಹದಿನೈದು ದಿನ ಇರುತ್ತಿದ್ದ. ಉಳಿದ ಮುನ್ನೂರೈವತ್ತು ದಿನ ಲಕ್ಕವ್ವ ಆ ಹದಿನೈದು ದಿನಗಳ ದಾರಿ ಕಾಯುತ್ತಿದ್ದಳು. ನಾನು ಉಳಿಸಿದ ಕೂಳೆಯ ಬೆಲೆ ಅದಾಗಿತ್ತು.

ಬೆಳೆ ಮಾತ್ರ ಗೆದ್ದಿತು. ಆ ವರ್ಷ ಮಳೆ ಬೇಗ ಕೈಬಿಟ್ಟಿತು. ಸುತ್ತಲಿನ ಕಡಲೆ ಬಾಡುತ್ತಿದ್ದಾಗ ಕೂಳೆಯ ನೆರಳಲ್ಲಿ ತೇವ ಹಿಡಿದುಕೊಂಡಿದ್ದ ಲಕ್ಕವ್ವನ ಹೊಲ ಹಸಿರಾಗೇ ಇತ್ತು. ಕ್ಷೇತ್ರೋತ್ಸವ ಮಾಡಿದೆವು. ಮುಧೋಳ, ಬೀಳಗಿ ಕಡೆಯಿಂದಲೂ ರೈತರು ಬಂದರು, ಜೀಪು ಬಂತು, ಬ್ಯಾನರ್ ಕಟ್ಟಿದರು. ಏಳು ಮಂದಿ ಮುಂದಿನ ವರ್ಷ ತಾವೂ ಮಾಡುತ್ತೇವೆ ಎಂದರು. ವರದಿಯ 'ಅಳವಡಿಕೆ' ಎಂಬ ಕಾಲಂನಲ್ಲಿ ಏಳು ಎಂದು ಬರೆದೆ. ಎಲ್ಲರೂ ಹೋದ ಮೇಲೆ ಲಕ್ಕವ್ವ, "ಮಂದಿ ಭಾಳ ಬಂದಿದ್ರು ರಿ. ನಮ್ಮವರು ಯಾರೂ ಇರಲಿಲ್ಲ" ಎಂದಳು.

2007ರ ಫೆಬ್ರವರಿಯಲ್ಲಿ ಬೀರಪ್ಪನನ್ನು ಹುಡುಕಿಕೊಂಡು ಬೀಳಗಿಗೆ ಹೋದೆ. ಆಲಮಟ್ಟಿಯ ಹಿನ್ನೀರು ಸರಿದ ಜಾಗದಲ್ಲಿ ಹುಲ್ಲು ಚಿಗುರಿ ಹಿಂಡುಗಳು ಮೇಯುತ್ತಿದ್ದವು. ಇಲಾಖೆಯವನಾಗಿ ಅಲ್ಲ, ತಪ್ಪು ಮಾಡಿದವನಾಗಿ ಮಾತಾಡಿದೆ. "ಕಡಲೆ ಹೊಟ್ಟಿನಲ್ಲಿ ಅರ್ಧ ನೆಲಕ್ಕೆ ಹರಡೋಣ, ಅರ್ಧ ಕುರಿ ತಿನ್ನಲಿ. ಕುರಿಗೊಬ್ಬರವೂ ಮಣ್ಣಿಗೆ ಬೇಕು. ಅಷ್ಟು ಬುದ್ಧಿ ನನಗಿರಲಿಲ್ಲ" ಎಂದೆ.

"ನಿಮ್ಮ ಮ್ಯಾಲ ಸಿಟ್ಟಿಲ್ರಿ. ನೀವು ಹೊರಗಿನವ್ರು" ಎಂದ ಬೀರಪ್ಪ. "ಆಕಿ ಒಂದ್ ಮಾತ್ ಅಂದಿದ್ರ ಸಾಕಿತ್ತು."

"ನಾನೇ ಆಕೆಯಿಂದ ಮಾತು ತಗೊಂಡಿದ್ದೆ ಬೀರಪ್ಪ."

ಅವನು ಕುರಿಗಳ ಕಡೆ ನೋಡುತ್ತ ನಿಂತ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಮಾರ್ಚ್ ಎರಡನೇ ವಾರ ಬೀರಪ್ಪ ಬಂದನೆಂದು ಸುದ್ದಿ ಸಿಕ್ಕಿತು. ಖುಷಿಯಿಂದ ಬೈಕ್ ಓಡಿಸಿಕೊಂಡು ಹೋದೆ. ಕುರಿಗಳು ಹೊಲ ತುಂಬಿದ್ದವು, ಮಕ್ಕಳು ಅಂಗಳದಲ್ಲಿದ್ದರು, ಒಲೆ ಉರಿಯುತ್ತಿತ್ತು. ಸದ್ಯ, ಮುರಿದದ್ದು ಕೂಡಿತು ಅಂದುಕೊಂಡೆ. ಒಳಗೆ ಲಕ್ಕವ್ವ ರೊಟ್ಟಿ ಬಡಿಯುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಯಾಕಮ್ಮ, ಬಂದರಲ್ಲ?" ಎಂದೆ.

"ಬಂದಾರ್ರಿ. ಬದುವಿನ ಮ್ಯಾಲ ನಿಂತು, 'ಕುರಿ ಬಿಡ್ಲೇನ ವೈನಿ, ನಿಮ್ಮ ಹೊಲದಾಗ?' ಅಂತ ಬೀರಪ್ಪ ಕೇಳಿದ್ನರಿ." ಬಡಿಯುತ್ತಿದ್ದ ಕೈ ನಿಂತಿತು. "ಮನಿ ಮಗಾ ಕೇಳಿ ಬರ್ತಾನೇನ್ರಿ ಸಾಹೇಬ್ರ?"

ಮುಂದಿನ ವರ್ಷಗಳಲ್ಲೂ ಬೀರಪ್ಪ ಬಂದ. ಪ್ರತಿ ವರ್ಷವೂ ಕೇಳಿಯೇ ಬಂದ. ನನಗೆ ವರ್ಗವಾಯಿತು, ಬಡ್ತಿಯಾಯಿತು, ನಿವೃತ್ತಿಯೂ ಆಯಿತು. ಸಂರಕ್ಷಣಾ ಕೃಷಿಯ ಮೇಲಿನ ನನ್ನ ನಂಬಿಕೆ ಕಡಿಮೆಯಾಗಲಿಲ್ಲ. ಮಣ್ಣು ಉಳಿಯಬೇಕಾದರೆ ಅದು ಬೇಕೇ ಬೇಕು. ಆದರೆ ಸಾವಳಗಿಯ ನಂತರ ಯಾವ ಊರಿಗೆ ಹೋದರೂ, ಮಣ್ಣು ಪರೀಕ್ಷೆಗಿಂತ ಮೊದಲು ರೈತರಿಗೆ ಒಂದು ಪ್ರಶ್ನೆ ಹಾಕುತ್ತಿದ್ದೆ: ಸುಗ್ಗಿ ಮುಗಿದ ಮೇಲೆ ಈ ಹೊಲಕ್ಕೆ ಕೇಳದೆ ಬರುವವರು ಯಾರು? ಲಕ್ಕವ್ವನಿಗೆ ನಾನು ಅದನ್ನು ಕೇಳಿರಲಿಲ್ಲ.